ಹನ್ನೊಂದನೆಯ ಚೀಲ

ದೊಡ್ಡಕ್ಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಇಡೀ ಬೀದಿ ಹೇಳುತ್ತಿತ್ತು. ಎಲ್ಲರೂ ಅವಳ ಬೆನ್ನ ಹಿಂದೆಯೇ ಹೇಳುತ್ತಿದ್ದರು, ಅದು ಬೇರೆ ಮಾತು. ಅವಳ ಮನೆತನದ ಕಸುಬೇ ಸಿಟ್ಟು ತರಿಸುವಂಥದ್ದು. ಕಸಾಯಿಖಾನೆಯಿಂದ ಬಂದ ದನದ ಕರುಳಿನ ಮೇಲಿರುವ, ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗಿನ ಪೊರೆಯನ್ನು ಹರಿಯದಂತೆ ಸುಲಿಯಬೇಕು. ಅಜ್ಜನ ಕಾಲದಲ್ಲಿ ಚಿನ್ನದ ರೇಕು ಬಡಿಯುವವರು ಈ ಪೊರೆಗಳ ನಡುವೆ ಚಿನ್ನವಿಟ್ಟು ಬಡಿಯುತ್ತಿದ್ದರು. ವರ್ಷಕ್ಕೆ ನಾಲ್ಕು ಗಿರಾಕಿ ಬಂದರೆ ಹೆಚ್ಚು, ಅವರೂ ಮೂಗು ಮುಚ್ಚಿಕೊಂಡೇ ಬರುತ್ತಿದ್ದರು.

ಆಮೇಲೆ ಯುದ್ಧ ಬಂತು. ಯುದ್ಧದ ಜೊತೆಗೆ ವಾಯುನೌಕೆಗಳು ಬಂದವು. ಒಂದೊಂದೂ ಒಂದು ಬೀದಿಯಷ್ಟು ಉದ್ದ. ಅದರ ಹೊಟ್ಟೆಯೊಳಗೆ ಸಾಲಾಗಿ ದೊಡ್ಡ ದೊಡ್ಡ ಚೀಲಗಳು, ಚೀಲಗಳ ತುಂಬ ಕಿಡಿ ಸೋಕಿದರೆ ಭಗ್ಗೆನ್ನುವ ಜಲಜನಕ. ಆ ಅನಿಲ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ರಬ್ಬರಿನಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ದೊಡ್ಡಕ್ಕನ ಪೊರೆಯಲ್ಲಿ ನಿಲ್ಲುತ್ತದೆ! ಒಂದು ಚೀಲಕ್ಕೆ ಹದಿನೈದು ಸಾವಿರ ದನಗಳ ಪೊರೆ ಬೇಕು. ಕರುಳನ್ನು ಬೇರೆ ಯಾರಿಗೂ ಮಾರಕೂಡದೆಂದು ಕಟುಕರಿಗೆ ಆಜ್ಞೆಯಾಯಿತು. ಒಂದು ಬೆಳಿಗ್ಗೆ ಮೇಜರ್ ಒಬ್ಬ ಬಂದು, ಕರವಸ್ತ್ರವನ್ನು ಮೂಗಿಗೆ ಹಿಡಿಯದೆ ಅವಳ ಅಂಗಳದಲ್ಲಿ ನಿಂತು, "ಅಮ್ಮಾ, ನಿಮ್ಮ ಕೈ ದೇಶಕ್ಕೆ ಬೇಕು" ಎಂದ. ದೊಡ್ಡಕ್ಕ ಉಬ್ಬಿಹೋದಳು. ಉಬ್ಬದೆ ಏನು ಮಾಡಿಯಾಳು ಪಾಪ, ನಲವತ್ತು ವರ್ಷ ಜನ ಅವಳನ್ನು ಕಂಡು ದಾರಿ ಬಿಟ್ಟು ನಡೆದಿದ್ದರು.

ಊರಾಚೆ ಕಟ್ಟಿದ ಶೆಡ್ಡಿನಲ್ಲಿ ಅರವತ್ತು ಹೆಂಗಸರು ಅವಳ ಕೈಕೆಳಗೆ ಕೂತರು. ಪೊರೆಗೆ ದಾರವಿಲ್ಲ, ಅಂಟಿಲ್ಲ. ಒದ್ದೆ ಪೊರೆಯ ಅಂಚನ್ನು ಇನ್ನೊಂದರ ಅಂಚಿನ ಮೇಲಿಟ್ಟು ಎರಡು ಹೆಬ್ಬೆರಳಿನಿಂದ ಒತ್ತಿದರೆ, ಒಣಗಿದಾಗ ಎರಡೂ ಒಂದಾಗುತ್ತವೆ. ಕಸುಬಿಗೆ ಇದ್ದದ್ದು ಒಂದೇ ನಿಯಮ: ಕೈಗೆ ಜಿಡ್ಡು ತಾಗಬಾರದು. ಜಿಡ್ಡು ಸೋಕಿದ ಬೆಸುಗೆ ನೆಲದ ಮೇಲೆ ಎಲ್ಲ ಪರೀಕ್ಷೆಯನ್ನೂ ಗೆಲ್ಲುತ್ತದೆ, ಮೇಲಿನ ಚಳಿಯಲ್ಲಿ ಬಾಯಿ ಬಿಡುತ್ತದೆ. ಹಾಗಾಗಿ ದಿನವೂ ಬೂದಿ, ಉಪ್ಪು ಹಾಕಿ ಕೈ ತಿಕ್ಕಿ, ಅಂಗೈ ಮೇಲೆ ನೀರು ಸುರಿದು ನೋಡಬೇಕು. ನೀರು ಹರಡಿಕೊಂಡರೆ ಕೈ ಶುದ್ಧ, ಮಣಿಮಣಿಯಾಗಿ ನಿಂತರೆ ಅಲ್ಲ. ಊಟದ ಹೊತ್ತಿನಲ್ಲಿ ಕರಿದದ್ದೇನೋ ತಿಂದು ಬಂದ ಒಬ್ಬ ವಿಧವೆಯನ್ನು ದೊಡ್ಡಕ್ಕ ಅರವತ್ತು ಜನರ ಎದುರಿಗೆ ಹಿಡಿದಳು. "ನಿನ್ನ ನಾಲಿಗೆ ಚಪಲಕ್ಕೆ ಮೇಲಿರೋರು ಸಾಯ್ಬೇಕೇನೇ? ನಡಿ ಮನೆಗೆ!" ಎಂದು ಅಟ್ಟಿಬಿಟ್ಟಳು. ಆ ಹೆಂಗಸು ಬಾಗಿಲ ತನಕ ಕೈಮುಗಿದುಕೊಂಡೇ ಹೋದಳು. ದೊಡ್ಡಕ್ಕ ತಿರುಗಿ ಕೂಡ ನೋಡಲಿಲ್ಲ.

ಮೇಲಿರುವವರಲ್ಲಿ ಅವಳ ತಮ್ಮನೂ ಒಬ್ಬ. ಆರಡಿ ಎತ್ತರದ ಅವನನ್ನು ಬೀದಿಯೆಲ್ಲ ಗಿಡ್ಡ ಎಂದು ಕರೆಯುತ್ತಿತ್ತು. ತಾಯಿ ಸತ್ತಾಗ ಅವನಿಗೆ ಎಂಟು ತಿಂಗಳು, ದೊಡ್ಡಕ್ಕನಿಗೆ ಹದಿನಾಲ್ಕು ವರ್ಷ. ಸಾಕಿ ಸಲಹಿ ಕಸುಬು ಕಲಿಸಿ ಮದುವೆ ಮಾಡಿದ್ದು ಅವಳೇ. ತನ್ನ ಮದುವೆಯ ಮಾತು ಅವಳಿಗೆ ನೆನಪಾಗುವಷ್ಟರಲ್ಲಿ ಕೂದಲು ಹಣ್ಣಾಗಿತ್ತು. ಈಗ ಅವನು ವಾಯುನೌಕೆಯ ಒಳಗೆ ಒಂದು ಪಾದ ಅಗಲದ ಹಲಗೆಯ ಮೇಲೆ ನಡೆಯುತ್ತ, ಸೋರುವ ಚೀಲಗಳಿಗೆ ತೇಪೆ ಹಾಕುವ ಕೆಲಸದಲ್ಲಿದ್ದ.

ಆ ಚಳಿಗಾಲದಲ್ಲಿ ಬೂದಿ ಉಪ್ಪು ತಿಕ್ಕಿ ತಿಕ್ಕಿ ದೊಡ್ಡಕ್ಕನ ಅಂಗೈ ಒಡೆದು ರಕ್ತ ಜಿನುಗುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಗಿಡ್ಡನ ಹೆಂಡತಿ ಬೆಣ್ಣೆಯ ಬಟ್ಟಲು ಹಿಡಿದು ಬಂದಳು.

"ಅತ್ತಿಗೆ, ಆ ಕೈ ನೋಡೋಕಾಗ್ತಿಲ್ಲ. ಒಂಚೂರು ಹಚ್ತೀನಿ, ನಾಳೆ ಬೆಳಿಗ್ಗೆ ತೊಳ್ಕೊಂಡ್ರಾಯ್ತು."

"ಬೇಡ ಕಣೇ."

"ನೀವು ಬರೀ ಬೇಡ ಅನ್ನೋದೇ ಆಯ್ತು. ಕೊಡಿ ಇಲ್ಲಿ."

ಹುಡುಗಿ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬೆಣ್ಣೆ ತಿಕ್ಕಿದಳು. ದೊಡ್ಡಕ್ಕನನ್ನು ಯಾರಾದರೂ ಹಾಗೆ ಮುಟ್ಟಿ ಎಷ್ಟು ವರ್ಷವಾಗಿತ್ತೋ. ಅವಳು ಸುಮ್ಮನೆ ಕಣ್ಣು ಮುಚ್ಚಿದಳು.

ಸೋಮವಾರ ಬೂದಿ ಹಾಕಿ ಚೆನ್ನಾಗಿಯೇ ತೊಳೆದಳು. ಹನ್ನೊಂದನೆಯ ಚೀಲ ಅಂದೇ ಮುಗಿಯಬೇಕೆಂದು ಮೇಜರ್ ತಲೆಯ ಮೇಲೆ ನಿಂತಿದ್ದ, ನೀರು ಸುರಿದು ನೋಡಲು ವ್ಯವಧಾನ ಇರಲಿಲ್ಲ. ನಲವತ್ತು ಬೆಸುಗೆ ಹಾಕಿದ ಮೇಲೆ ಕೈ ಅದ್ದಿ ಎತ್ತಿದಾಗ ಕಂಡಿತು. ಅಂಗೈಯ ಬಿರುಕುಗಳ ಉದ್ದಕ್ಕೂ ನೀರು ಮಣಿಮಣಿಯಾಗಿ ನಿಂತಿತ್ತು.

ಸುತ್ತ ಐವತ್ತೊಂಬತ್ತು ಹೆಂಗಸರು ತಲೆ ಬಗ್ಗಿಸಿ ಒತ್ತುತ್ತಿದ್ದರು. ಮೂಲೆಯಲ್ಲಿ ಆ ವಿಧವೆಯ ಜಾಗ ಖಾಲಿ ಇತ್ತು. ದೊಡ್ಡಕ್ಕ ಎದ್ದುಹೋಗಿ ಮತ್ತೆ ಕೈ ತೊಳೆದು ಬಂದು ಕೂತಳು. ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರುವುದು ಈ ಒಂದು ಜಾಗದಲ್ಲೇ.

ಗುರುವಾರ ಗಿಡ್ಡ ಕುಣಿಯುತ್ತ ಬಂದ. "ಅಕ್ಕಾ, ಹನ್ನೊಂದನೇದು ನಮ್ಮ ನೌಕೆಗೇ ಬಂತು! ನೀನು ಮಾಡಿದ್ದು ಅಂತ ಎಲ್ಲರಿಗೂ ಹೇಳ್ದೆ."

ಅಂದೇ ಅವಳು ಕೊನೆಯ ಪರೀಕ್ಷೆಯ ನೆವ ಹೇಳಿ, ಗಾಳಿ ತುಂಬಿದ ಚೀಲದೊಳಗೆ ಬರಿಗಾಲಲ್ಲಿ ಇಳಿದಳು. ಹೊರಗಿನ ಬಿಸಿಲು ಪೊರೆಯಿಂದ ಹಳದಿಯಾಗಿ ಇಳಿಯುತ್ತಿತ್ತು. ನಾಲ್ಕು ಗಂಟೆ ಹುಡುಕಿದಳು. ಬೆರಳಿಂದ ಸವರಿದಳು, ಕೆನ್ನೆ ಒತ್ತಿದಳು, ನಾಲಿಗೆಯಿಂದಲೂ ನೋಡಿದಳು. ಕೆಟ್ಟ ನಲವತ್ತು ಯಾವುವು, ಒಳ್ಳೆಯ ಸಾವಿರಾರು ಯಾವುವು, ಒಂದೂ ಬೇರೆ ಕಾಣಲಿಲ್ಲ. ಅಷ್ಟು ಅಚ್ಚುಕಟ್ಟು ಅವಳ ಕೈ. ಕೊನೆಗೆ ತಲೆಯಿಂದ ಹೇರ್‌ಪಿನ್ ಕಿತ್ತು ಒಂದು ಗೇಣು ಹರಿದಳು. ಆಚೆ ಬಂದು, "ಇಲಿ ಕಡಿದಿದೆ, ಈ ಚೀಲ ಕೆಲಸಕ್ಕೆ ಬಾರದು" ಎಂದಳು.

ಮೇಜರ್ ತಾನೇ ಒಳಗಿಳಿದು ಹರಿದ ಜಾಗ ನೋಡಿ ಬಂದ. ಎರಡು ದಿನದಲ್ಲಿ ತೇಪೆ ಹಾಕಿಸಿದ. ಶನಿವಾರ ಅವಳು ಅವನ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಬೆಣ್ಣೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಹುಡುಗಿಯ ಹೆಸರನ್ನು ಮಾತ್ರ ಎತ್ತಲಿಲ್ಲ. ಅವನು ಮೇಜಿನ ಖಾನೆಯಿಂದ ಒಂದು ಹೇರ್‌ಪಿನ್ ತೆಗೆದು ಅವಳ ಮುಂದಿಟ್ಟ.

"ಚೀಲದೊಳಗೆ ಸಿಕ್ತು. ಮೊದಲು ಇಲಿ ಅಂದ್ರಿ, ಈಗ ಬೆಣ್ಣೆ ಅಂತೀರಿ. ತಮ್ಮನ್ನ ಉಳಿಸ್ಕೊಳ್ಳೋಕೆ ನಾಳೆ ಇನ್ನೇನು ಹೇಳ್ತೀರಮ್ಮ?"

"ಸುಳ್ಳಲ್ಲ ಸ್ವಾಮಿ. ನನ್ನ ಕೈ ಮೇಲೆ ಆಣೆ."

"ನಿಮ್ಮ ಕೈ ಎಂಥದು ಅಂತ ಇಡೀ ಸೈನ್ಯಕ್ಕೆ ಗೊತ್ತು. ಪರೀಕ್ಷೆಲೂ ಪಾಸಾಗಿದೆ. ಹೊರಡಿ. ಬೇರೆಯವರಾಗಿದ್ರೆ ಇಷ್ಟೊತ್ತಿಗೆ ಜೈಲಲ್ಲಿರ್ತಿದ್ರು."

ಭಾನುವಾರ ನೌಕೆ ಹೊರಡುವ ಮುಂಚೆ ಹ್ಯಾಂಗರಿನ ಬಾಗಿಲಲ್ಲಿ ಗಿಡ್ಡನ ತೋಳು ಹಿಡಿದು ಅವನಿಗೂ ಹೇಳಿದಳು. ಅವನು ಗಹಗಹಿಸಿ ನಕ್ಕ. "ನಿನ್ನ ಕೈಯಲ್ಲಿ ತಪ್ಪಾ? ಹೋಗಕ್ಕ!" ಅವಳ ಮುಖ ನೋಡಿ ನಗು ನಿಲ್ಲಿಸಿದ. "ಈಗ ನಾನು ಬರಲ್ಲ ಅಂದ್ರೆ ಹೇಡಿ ಅಂತ ಗೋಡೆಗೆ ನಿಲ್ಲಿಸಿ ಗುಂಡು ಹೊಡೀತಾರೆ. ಬೆಸುಗೆ ಬಾಯಿ ಬಿಟ್ರೆ ಬಿಡಲಿ, ನಾನಿಲ್ವಾ? ನೀನು ಕಲಿಸ್ದ ಹಾಗೆ ಎರಡು ಹೆಬ್ಬೆರಳಲ್ಲಿ ಒತ್ತಿ ಹಿಡ್ಕೋತೀನಿ. ನನ್ನ ಹೆಂಡ್ತಿಗೆ ಮಾತ್ರ ಏನೂ ಹೇಳ್ಬೇಡ."

ನೌಕೆ ಮೋಡದೊಳಗೆ ಹೋಯಿತು, ವಾಪಸು ಬರಲಿಲ್ಲ. ಕಡಲ ಮೇಲೆ ಬೆಂಕಿ ಕಂಡಿತೆಂದು ಮೀನುಗಾರರು ಹೇಳಿದರು. ಶತ್ರುವಿನ ಗುಂಡು ಎಂದು ಸೈನ್ಯ ಬರೆದುಕೊಂಡಿತು. ಇದ್ದರೂ ಇರಬಹುದು. ಗುಂಡೋ, ಸಿಡಿಲೋ, ಬೆಣ್ಣೆಯೋ ಎಂದು ಹೇಳಲು ಯಾರೂ ಉಳಿದಿರಲಿಲ್ಲ. ದೊಡ್ಡಕ್ಕ ಮಾತ್ರ ಮಾರನೆಯ ದಿನವೇ ಆ ವಿಧವೆಯ ಮನೆ ಹುಡುಕಿಕೊಂಡು ಹೋಗಿ, ಹೊಸ್ತಿಲಲ್ಲೇ ನಿಂತು, "ಕೆಲಸಕ್ಕೆ ಬಾ ತಾಯಿ. ನೀನು ನನ್ನ ಜಾಗದಲ್ಲಿ ಕೂತ್ಕೋ" ಎಂದಳು. ತಾನು ಮತ್ತೆ ಪೊರೆ ಮುಟ್ಟಲಿಲ್ಲ.

ಇಪ್ಪತ್ತೆರಡು ವರ್ಷ ಅತ್ತಿಗೆ ನಾದಿನಿ ಒಂದೇ ಮನೆಯಲ್ಲಿ ಇದ್ದರು. ಯುದ್ಧ ಮುಗಿದು, ವಾಯುನೌಕೆಗಳೂ ಮುಗಿದು, ಆಕಾಶದಲ್ಲಿ ರೆಕ್ಕೆಯ ವಿಮಾನಗಳು ಗುಂಯ್‌ಗುಡುವ ಕಾಲ ಬಂತು. ಆಗಲೂ ದೊಡ್ಡಕ್ಕ ದಿನಾ ಬೆಳಿಗ್ಗೆ ಬೂದಿ ಉಪ್ಪು ಹಾಕಿ ಕೈ ತಿಕ್ಕುತ್ತಿದ್ದಳು, ಅಂಗೈ ಮೇಲೆ ನೀರು ಸುರಿದು ನೋಡುತ್ತಿದ್ದಳು. ಮುದುಕಿಗೆ ಹುಚ್ಚು ಎಂದು ಬೀದಿ ನಗುತ್ತಿತ್ತು. ಅವಳು ಕೊನೆಗೆ ಹಾಸಿಗೆ ಹಿಡಿದಾಗ ಕೈ ಒಡೆದು ರಕ್ತ ಒಸರುತ್ತಿತ್ತು. ಗಿಡ್ಡನ ಹೆಂಡತಿ ಅದೇ ಹಳೆಯ ಬಟ್ಟಲು ತಂದು ಪಕ್ಕದಲ್ಲಿ ಕೂತಳು.

"ಅತ್ತಿಗೆ, ಈಗಲಾದ್ರೂ ಒಂಚೂರು ಹಚ್ತೀನಿ. ಅವತ್ತು ಹಚ್ದಾಗ ಎಷ್ಟು ಹಾಯಾಗಿತ್ತು ನಿಮಗೆ, ನೆನಪಿದೆಯಾ?"

ದೊಡ್ಡಕ್ಕ ಅವಳ ಮುಖವನ್ನೇ ನೋಡಿದಳು.

"ನೆನಪಿದೆ ಕಣೇ" ಎಂದು ಹೇಳಿ ಎರಡೂ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.