ಹತ್ತು ಸೆಕೆಂಡಿನ ಹಾಡು

೧೯೭೬ರ ಬೇಸಿಗೆ. ಎಂ.ಎಸ್ಸಿ. ಕೊನೆಯ ವರ್ಷದ ಪ್ರಬಂಧಕ್ಕಾಗಿ ನಾನು ರೇಡಿಯೊ ತರಂಗಗಳ ದಟ್ಟಣೆ ಅಳೆಯುತ್ತಿದ್ದೆ. ರಿಸೀವರಿನ ಮುಳ್ಳನ್ನು ಒಂದೊಂದೇ ಗೆರೆ ಸರಿಸಿ, ಪ್ರತಿ ಗೆರೆಯಲ್ಲೂ ಹತ್ತು ಸೆಕೆಂಡು ಕೇಳಬೇಕು. ಪ್ರಸಾರವಿದ್ದರೆ ‘ಒಂದು’, ಇಲ್ಲದಿದ್ದರೆ ‘ಸೊನ್ನೆ’. ಯಾವ ಹೊತ್ತಿನಲ್ಲಿ ಎಷ್ಟು ಜಾಗ ಖಾಲಿ ಇರಬಹುದೆಂದು ಮೊದಲೇ ಹೇಳುವ ಸೂತ್ರವನ್ನು ಆ ಅಂಕಿಗಳಿಂದ ಕಟ್ಟಬೇಕಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಮುಗಿಸಿ ಮನಗೂಳಿಗೆ ಬಂದು ದೊಡ್ಡವ್ವನ ಮನೆಯಲ್ಲಿ ಇಳಿದುಕೊಂಡೆ. ಅವಳು ನನ್ನ ತಾಯಿಯ ದೂರದ ಅಕ್ಕ. ಅಲ್ಲಿಯವರೆಗೆ ಹೆಚ್ಚು ಒಡನಾಟವಿರಲಿಲ್ಲ.

ಹತ್ತಿರದಲ್ಲಿ ಇನ್ನೊಂದು ರೇಡಿಯೊ ಹಚ್ಚಿದರೆ ನನ್ನ ರಿಸೀವರಿನಲ್ಲಿ ಸಿಳ್ಳೆ ಕೇಳುತ್ತಿತ್ತು. ಆ ಓಣಿಗೆಲ್ಲ ಇದ್ದದ್ದು ದೊಡ್ಡವ್ವನ ರೇಡಿಯೊ ಒಂದೇ. ಮಧ್ಯಾಹ್ನ ಎರಡು ತಾಸು ಅದನ್ನು ಹಚ್ಚಬಾರದೆಂದು ಕೇಳಿಕೊಂಡೆ. ಅವಳು ರೇಡಿಯೊಕ್ಕೆ ಹೊದಿಸಿದ್ದ ಬಟ್ಟೆಯನ್ನು ಸರಿಮಾಡಿ, “ಆತ ತಗೊ ಯವ್ವಾ” ಎಂದಳು. ನಾನು ಇಯರ್‌ಫೋನ್ ಹಾಕಿಕೊಂಡು ಕೂತೆ. ನಾಲ್ಕೈದು ಹೆಂಗಸರು ಬಾಗಿಲಿಗೆ ಬಂದರು. ದೊಡ್ಡವ್ವ ಕೈಸನ್ನೆ ಮಾಡಿ ಅವರನ್ನು ಕಳಿಸಿಬಿಟ್ಟಳು. ಗದ್ದಲವಾಗದಿರಲೆಂದು ಕಳಿಸಿದಳೆಂದುಕೊಂಡೆ.

ಮರುದಿನ ನೆರೆಮನೆಯ ಶಿವಮ್ಮ ತಾಳಿಕೋಟೆಯ ಮಗಳ ಮನೆಯಿಂದ ಮರಳಿದವಳು ನೇರ ನಮ್ಮ ಕಟ್ಟೆಗೇ ಬಂದು ದೊಡ್ಡವ್ವನನ್ನು ಮಾತಾಡಿಸಿದಳು.

“ಏನವಾ ಗಂಗಕ್ಕ, ರೇಡಿಯೋದಾಗ ಹಾಡಾಕಿ ಆದಿ. ಇನ್ನ ನಮ್ಮ ಕೂಡ ಮಾತಾಡ್ತಿಯೋ ಇಲ್ಲೋ?”

ಆಗ ತಿಳಿಯಿತು. ಕೆಲವು ತಿಂಗಳ ಹಿಂದೆ ರೇಡಿಯೊದವರು ಬಂದು ದೊಡ್ಡವ್ವನ ಬೀಸುವ ಪದಗಳನ್ನು ಮುದ್ರಿಸಿಕೊಂಡು ಹೋಗಿದ್ದರಂತೆ. ಪ್ರಸಾರ ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ. ಓಣಿಯ ಹೆಂಗಸರು ಬಂದದ್ದು ಅದನ್ನು ಕೇಳಲಿಕ್ಕೆ.

ದೊಡ್ಡವ್ವ ನನ್ನತ್ತ ನೋಡದೆ ಮೆಲ್ಲಗೆ ಕೇಳಿದಳು: “ಹ್ಯಾಂಗಿತ್ತ?”

“ಸಕ್ಕರಿ ಇದ್ದಂಗಿತ್ತು. ಕಡೀಕ ಕೆಮ್ಮಿದಿ ನೋಡು, ಅದನ್ನೂ ಬಿಟ್ಟಿಲ್ಲ ಅವರು.”

ನನಗೆ ಯಾಕೆ ಹೇಳಲಿಲ್ಲವೆಂದು ಕೇಳಿದೆ. “ನಿಂದು ಓದಿನ ಕೆಲಸ. ದಿನಾ ಬೀಸೂಮುಂದ ಹಾಡ್ತೇನಿ, ನನ್ನ ದನಿ ನನಗ ಗೊತ್ತಿಲ್ಲೇನ?” ಎಂದು ನಕ್ಕಳು.

ಒಳಗೆ ಹೋಗಿ ದಾಖಲೆ ಪುಸ್ತಕದಲ್ಲಿ ನಿನ್ನೆಯ ಪುಟ ತೆರೆದೆ. ಮೂರು ಗಂಟೆ ಹನ್ನೆರಡು ನಿಮಿಷ: ಒಂದು. ಷರಾ: ಹೆಣ್ಣು ದನಿ, ಹಾಡು. ಯಾರ ದನಿಯೆಂದು ಗುರುತು ಹಿಡಿದಿರಲಿಲ್ಲ. ಹತ್ತು ಸೆಕೆಂಡು ಮುಗಿಯುತ್ತಲೇ ಮುಳ್ಳು ಸರಿಸಿದ್ದೆ.

ಊರಿಗೆ ಹೋದಮೇಲೆ ರೇಡಿಯೊ ಕೇಂದ್ರಕ್ಕೆ ಎರಡು ಸಲ ಕಾಗದ ಬರೆದೆ. ಆ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ಮುದ್ರಿಸಿ ಆಗಿದೆಯೆಂದು ಉತ್ತರ ಬಂತು. ಪ್ರಬಂಧಕ್ಕೆ ಒಳ್ಳೆಯ ಅಂಕಗಳು ಬಂದವು. ದೊಡ್ಡವ್ವ ಹೋದ ವರ್ಷ ತೀರಿಕೊಂಡಳು.

ಅವಳು ರೇಡಿಯೊದ ಬಟ್ಟೆ ಸರಿಮಾಡುತ್ತಿದ್ದಾಗ, ಯಾಕೆ ಎಂದು ನಾನು ಒಂದು ಮಾತು ಕೇಳಬೇಕಿತ್ತು. ಆ ‘ಒಂದು’ ಈಗಲೂ ನನ್ನ ಪ್ರಬಂಧದ ಕೋಷ್ಟಕದಲ್ಲಿದೆ. ಅದನ್ನು ಬರೆಯುವಾಗ ದೊಡ್ಡವ್ವ ನನ್ನಿಂದ ಎರಡು ಮಾರು ದೂರದಲ್ಲಿ, ಸದ್ದಾಗದಂತೆ ಜೋಳ ಹಸನು ಮಾಡುತ್ತ ಕೂತಿದ್ದಳು.