ಒಂದೇ ಬಂಡಿಗೆ ಹತ್ತು ಸಲ ಹೆಬ್ಬೆಟ್ಟು

ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಎಪ್ಪತ್ತರ ದಶಕದ ಮಾತು. ಸಿರುಗುಪ್ಪದ ಒಂದು ನೆಲ್ಲು ಖರೀದಿ ಕೇಂದ್ರದಲ್ಲಿ ನಾನು ಗೇಟಿನ ಗುಮಾಸ್ತ. ಒಳಗೆ ಕಾಟಾದಲ್ಲಿ ಚೀಲ ತೂಗುತ್ತಿದ್ದವರು ಬಾದನಹಟ್ಟಿಯ ಹಿರಿಯರೊಬ್ಬರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ, ಅವರಿಗೆ ನಾನು ‘ಲೇ ತಮ್ಮಾ’.

ಸುಗ್ಗಿಗೆ ಮೊದಲು ಬಳ್ಳಾರಿಯಿಂದ ಒಬ್ಬ ಸಾಹೇಬ ಬಂದ. ಒಂದೇ ದಿನ ನೂರು ಬಂಡಿ ಬಂದರೆ ನಮ್ಮ ಕಾಟಾ ತಡೆದುಕೊಳ್ಳುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕಂತೆ. ತಡೆಯದಿದ್ದರೆ ಕಾಕಾನನ್ನು ಮನೆಗೆ ಕಳಿಸುತ್ತೇನೆಂದು ಎಲ್ಲರ ಮುಂದೆಯೇ ಹೇಳಿದ. ನೂರು ಬಂಡಿ ಎಲ್ಲಿಂದ ತರುವುದು? ನಾಲ್ಕು ನಾಲ್ಕು ಚೀಲ ಹೇರಿದ ಹತ್ತು ಬಂಡಿಗಳನ್ನೇ ಹತ್ತು ಸುತ್ತು ಹಾಕಿಸುವುದು. ಯಾರು ಎಲ್ಲಿ ನಿಲ್ಲಬೇಕು, ಏನು ಹೇಳಬೇಕು ಎಂದು ಕಾಗದದಲ್ಲಿ ಬರೆದು ತಂದಿದ್ದ. ಪ್ರತಿ ಸುತ್ತಿಗೂ ಬಂಡಿಯವನು ನನ್ನ ಮೇಜಿನ ಮುಂದೆ ನಿಂತು ಹೆಸರು, ಅಪ್ಪನ ಹೆಸರು, ಊರು ಹೇಳಿ ಹೆಬ್ಬೆಟ್ಟು ಒತ್ತಬೇಕು.

ನಿಜವಾದ ಸುಗ್ಗಿಯಲ್ಲಿ ಹಾಗೆಲ್ಲಿ ನಡೆಯುತ್ತದೆ! ಬೆಳಿಗ್ಗೆ ಒಮ್ಮೆ ಹೆಸರು ಬರೆಸಿದರೆ ನೊಗದ ಮೇಲೆ ಸುಣ್ಣದಲ್ಲಿ ನಂಬರು ಬರೆಯುತ್ತಿದ್ದೆವು. ಆ ಬಂಡಿ ಸಂಜೆಯವರೆಗೆ ಎಷ್ಟು ಸಲ ಬಂದರೂ ನಂಬರು ನೋಡಿ ಒಳಗೆ ಬಿಡುವುದು, ಅಷ್ಟೇ.

ಎರಡನೇ ಸುತ್ತಿಗೇ ಗೇಟಿನ ಹೊರಗೆ ಸಾಲು ಬೆಳೆಯಿತು. ಒಳಗಿಂದ ಕಾಕಾ ಕೂಗಿದರು: “ಲೇ ತಮ್ಮಾ, ಸುಣ್ಣ ಹಚ್ಚಾಕ ಏನ್ ಧಾಡಿ ನಿಮಗ? ನಾ ಇಲ್ಲಿ ನೊಣ ಹೊಡಕೋತ ಕುಂತೀನಿ.”

ನಾನು ಸಾಹೇಬನಿಗೆ ಹೇಳಿದೆ: “ತಡ ಆಗಾಕತ್ತಿರೋದು ನನ್ನ ಮೇಜಿನ್ಯಾಗ್ರಿ, ಕಾಟಾದಾಗಲ್ಲ. ಒಮ್ಮೆ ಬರಕೊಂಡು ನಂಬರ್ ಹಾಕಿದ್ರ ಸಾಕ್ರಿ.”

“ಕಾಗದದಾಗ ಸುಣ್ಣ ಐತೇನು? ಇದ್ದಂಗ ಮಾಡು.”

ಆ ಮುಖಕ್ಕೆ ಮಸಿಯ ಡಬ್ಬಿ ಎಸೆಯಬೇಕಿತ್ತು. ಎಸೆಯಲಿಲ್ಲ. ಅದೇ ಬಂಡಿಯವನ ಅದೇ ಅಪ್ಪನ ಹೆಸರನ್ನು ಮತ್ತೆ ಮತ್ತೆ ಬರೆದೆ. ಹೊತ್ತು ಇಳಿಯುವಾಗ ಅರ್ಧ ಸುತ್ತುಗಳೂ ಮುಗಿದಿರಲಿಲ್ಲ. ‘ತೂಕದವನು ನಿಧಾನ’ ಎಂದು ಸಾಹೇಬ ವರದಿ ಬರೆದು, ಸಾಕ್ಷಿಗೆ ನನ್ನ ಸಹಿ ಕೇಳಿದ. ಹಾಕಿದೆ. ಸಾಹೇಬನ ಮೇಲಿನ ಸಿಟ್ಟಾದರೂ ಆರೀತು, ಆ ಸಹಿಯ ಮೇಲಿನದು ಆರುವುದಿಲ್ಲ.

ಸುಗ್ಗಿ ಬಂತು. ಕಾಟಾದಲ್ಲಿ ಹೊಸಬ ಕೂತಿದ್ದ. ಯಾರ ಅಪ್ಪಣೆಯೂ ಇಲ್ಲದೆ ಸುಣ್ಣದ ಡಬ್ಬಿಯೂ ಹೊರಬಂತು, ಬಂಡಿಗಳು ಸರಾಗವಾಗಿ ಸಾಗಿದವು. ಸಾಹೇಬ ಬಂದು ಹೊಸಬನ ಬೆನ್ನು ತಟ್ಟಿ ಹೋದ.

ಒಂದು ಬೆಳಿಗ್ಗೆ ಕಾಕಾ ತಮ್ಮ ನೆಲ್ಲಿನ ಬಂಡಿ ಹೊಡೆದುಕೊಂಡು ಬಂದರು. ಅವರ ಹೆಸರು ನಾನೇನು ಕೇಳುವುದು ಎಂದು ಸುಣ್ಣ ಹಿಡಿದು ನೇರವಾಗಿ ನೊಗದ ಹತ್ತಿರ ಹೋದೆ. ಅವರು ಕೈ ಅಡ್ಡ ಹಿಡಿದರು.

“ಮೊದ್ಲು ಹೆಸರು ಬರಕೋರಿ, ಸಾಹೇಬ್ರ.”

ತಮ್ಮ ಹೆಸರು, ಅಪ್ಪನ ಹೆಸರು, ಊರು ಹೇಳಿದರು. ಸಹಿ ಮಾಡಲು ಬರುತ್ತಿದ್ದ ಮನುಷ್ಯ ಹೆಬ್ಬೆಟ್ಟನ್ನು ಮಸಿಗೆ ಅದ್ದಿ ನನ್ನ ಪುಸ್ತಕದಲ್ಲಿ ಒತ್ತಿದರು.