ಬೋಟಿನ ಗಂಟು, ಸ್ಪ್ರಿಂಗಿನ ತೋಳು

ಭಟ್ಕಳದ ಸ್ಪರ್ಧೆಗೆ ಹೊರಟ ಬೆಳಿಗ್ಗೆ ನನ್ನ ಗೆಳೆಯ ಎಲ್ಲಿ ನಿಂತಿದ್ದ ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ಒಮ್ಮತವಿಲ್ಲ.

ಕಾಲೇಜಿನಲ್ಲಿ ನಾವಿಬ್ಬರು ಕಟ್ಟಿದ ರೋಬೋಟ್ ಚೆಂಡು ಎಸೆಯುತ್ತಿತ್ತು. ಅದರ ಕಬ್ಬಿಣದ ತೋಳನ್ನು ಹಿಂದಕ್ಕೆಳೆದು, ಸ್ಪ್ರಿಂಗ್ ಬಿಗಿ ಮಾಡಿ, ಚಿಮ್ಮದಂತೆ ಕಟ್ಟಿಡಬೇಕು. ಗೆಳೆಯ ಹೊನ್ನಾವರದ ಪಕ್ಕದ ಕಾಸರಕೋಡದವ, ಮನೆಯವರೆಲ್ಲ ಮೀನಿನ ಬೋಟಿಗೆ ಹೋಗುವವರು. ಬೋಟನ್ನು ಬಂದರಿನ ಧಕ್ಕೆಗೆ ಕಟ್ಟುವ ಗಂಟನ್ನೇ ತೋಳಿಗೂ ಹಾಕಿದ. ಎಷ್ಟು ಜಗ್ಗಿದರೂ ಜಾರದು. ಹಗ್ಗದ ತುದಿ ಎಳೆದರೆ ಮಾತ್ರ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ಪಿನ್ ಹಾಕೋಣ ಎಂದು ನಾನು ಹೇಳಿದ್ದೆನೋ, ಆಮೇಲೆ ನೆನಪಿಗೆ ಸೇರಿಸಿಕೊಂಡೆನೋ ತಿಳಿಯದು. ಅವನ ಮಾತು ಮಾತ್ರ ಕಿವಿಯಲ್ಲಿದೆ.

“ಇಡೀ ಬೋಟೇ ಇದ್ರ ಮೇಲೆ ನಿಲ್ತದೆ. ನಿನ್ ಸ್ಪ್ರಿಂಗ್ ಎಂತ ದೊಡ್ಡದು ಮಾರಾಯಾ?”

ಆ ಬೆಳಿಗ್ಗೆ ಹೊನ್ನಾವರದಲ್ಲಿ ಸ್ಪ್ರಿಂಗ್ ಬಿಗಿದಿದ್ದಂತೆಯೇ ಟೆಂಪೋಗೆ ಏರಿಸುವಾಗ ಹಗ್ಗದ ತುದಿ ಬಾಗಿಲಿನ ಕೊಂಡಿಗೆ ಸಿಕ್ಕಿತ್ತು. ನಾವು ನೋಡದೆ ರೋಬೋಟನ್ನು ಒಳಗೆ ತಳ್ಳಿದೆವು. ಗಂಟು ತನ್ನ ಕೆಲಸ ಮಾಡಿತು, ಒಮ್ಮೆಗೇ ಬಿಚ್ಚಿಕೊಂಡಿತು. ಚಿಮ್ಮಿದ ತೋಳು ಬಡಿದು ಟೆಂಪೋದ ತಗಡು ಹೊರಕ್ಕೆ ಉಬ್ಬಿತು. ಯಾರಿಗೂ ತಾಗಲಿಲ್ಲ.

ಈ ವರ್ಷ ಕುಮಟಾದ ಕೆಲವು ಹುಡುಗಿಯರು ಸ್ಪರ್ಧೆಗೆ ಹೊರಟಿದ್ದರು. ಹಳೆಯ ರೋಬೋಟನ್ನು ಅವರಿಗೆ ಕೊಡಲು ಹೋದೆವು. ಗೆಳೆಯ ಟೆಂಪೋದ ಕತೆಯನ್ನು ನಗುನಗುತ್ತ ಹೇಳಿದ: ತನಗೆ ಮೊದಲೇ ಅನುಮಾನ ಬಂದು ಪಕ್ಕಕ್ಕೆ ಸರಿದಿದ್ದನಂತೆ. ಒಬ್ಬಳು ಆ ಗಂಟು ಕಲಿಸಿ ಎಂದಳು.

ನನ್ನ ನೆನಪಿನಲ್ಲಿ ಅವನು ಸರಿದಿರಲಿಲ್ಲ. ಎಚ್ಚರವಿದ್ದವನು ಉಳಿದುಕೊಂಡ ಎಂದಾದರೆ ಈ ಹುಡುಗಿಯರೂ ಎಚ್ಚರವನ್ನೇ ನಂಬುತ್ತಾರೆ, ಬಿಗಿದ ಸ್ಪ್ರಿಂಗಿನ ಎದುರಿಗೆ ಮುಖ ಒಡ್ಡುತ್ತಾರೆ. ಸುಮ್ಮನಿರಲಾಗಲಿಲ್ಲ.

“ನೀ ಎದುರಿಗೇ ಇದ್ದಿದ್ದೆ. ಚಪ್ಪಲಿ ಕಳಚ್ತು ಅಂತ ಬಗ್ಗಿದ್ದೆ, ಅಷ್ಟೇ.”

“ಚಪ್ಪಲಿನಾ? ಆವತ್ತು ನಾ ಬೂಟು ಹಾಕಿದ್ದೆ.”

ಬೂಟೇ ಇದ್ದಿರಬಹುದು. ಆದರೆ ಅವನ ನಗು ನಿಂತಿತ್ತು. ಗಂಟನ್ನು ಕಟ್ಟಿದ, ತುದಿ ಎಳೆದ, ಬಿಚ್ಚಿಕೊಂಡದ್ದನ್ನು ನೋಡುತ್ತ ಕುಳಿತ. ಆಮೇಲೆ ಎದ್ದು ತೋಳಿಗೂ ಚೌಕಟ್ಟಿಗೂ ಸೇರಿಸಿ ತೂತು ಕೊರೆದು ದಪ್ಪ ಬೋಲ್ಟ್ ತೂರಿಸಿದ. ಎತ್ತಿ ಸಾಗಿಸುವಾಗ ಸ್ಪ್ರಿಂಗ್ ಸಡಿಲವೇ ಇರಬೇಕು, ಅಂಕಣಕ್ಕೆ ಇಳಿಸಿದ ಮೇಲೆಯೇ ಬಿಗಿಯಬೇಕು, ಬಿಗಿದೊಡನೆ ಬೋಲ್ಟ್ ಹಾಕಬೇಕು, ಕಣ್ಣು ಕಾಯುವ ಕನ್ನಡಕವಿಲ್ಲದೆ ಯಾರೂ ಹತ್ತಿರ ಬರಬಾರದು ಎಂದ.

“ಗಂಟು, ಅಣ್ಣಾ?” ಕಲಿಸಿ ಎಂದಿದ್ದವಳು ಕೇಳಿದಳು.

“ಅದು ಬೋಟಿಗೆ, ತಂಗಿ,” ಎಂದು ಹಗ್ಗವನ್ನು ಕಿಸೆಗೆ ಹಾಕಿಕೊಂಡ.

ತೋಳನ್ನು ಎಳೆಯುವ ಮೊದಲು ಆ ಹುಡುಗಿ ನಮ್ಮಿಬ್ಬರನ್ನೂ ಪಕ್ಕಕ್ಕೆ ಸರಿಸಿದಳು. ಗೆಳೆಯ ನಿಂತ ಜಾಗವನ್ನು ಈ ಸಲ ಸರಿಯಾಗಿ ನೋಡಿಕೊಂಡೆ.